ಇಲ್ಲದ ವೀರ, ಅರ್ಥ ತಿಳಿಯದ ಮಗು: ತೋರಾ ಸುರುಳಿ ಬರೆಯುವವರಿಂದ ಕಲಿತದ್ದು

ಕಳೆದ ವರ್ಷ ಒಂದು ವೀರಗಲ್ಲಿನ ಪಡಿಯಚ್ಚು ಓದುವಾಗ ನಾನೊಂದು ತಪ್ಪು ಮಾಡಿದೆ. ಸವೆದ ಸಾಲೊಂದರಲ್ಲಿ 'ಮಾರ' ಅಂತ ಕಂಡಿತು. ವೀರನ ಹೆಸರು ಸಿಕ್ಕಿತು ಎಂದು ಖುಷಿಪಟ್ಟು ಟಿಪ್ಪಣಿಯನ್ನೂ ಬರೆದಿಟ್ಟೆ. ಮೂರು ತಿಂಗಳ ಮೇಲೆ ರಾತ್ರಿ ಹೊತ್ತು ಕಲ್ಲಿಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಅದು 'ಮಾರ' ಅಲ್ಲ, 'ವಾರ'. ಕಾಲ ಹೇಳುವ ಸಾಲಿನಲ್ಲಿ ಯಾವುದೋ ವಾರದ ಹೆಸರಿನ ಬಾಲ ಅದು! ಹುಟ್ಟೇ ಇರದ ಒಬ್ಬ ಮನುಷ್ಯನನ್ನು ನಾನು ಹುಟ್ಟಿಸಿ, ತುರುಗಾಳಗದಲ್ಲಿ ಸಾಯಿಸಿಯೂ ಬಿಟ್ಟಿದ್ದೆ.

ಹಳೆಯ ಲಿಪಿಯಲ್ಲಿ ಮ-ವ ಹತ್ತಿರ ಹತ್ತಿರ ಇರುತ್ತವೆ, ಸರಿ. ಆದರೆ ನಿಜವಾದ ತಪ್ಪು ಕಣ್ಣಿನದಲ್ಲ, ಮನಸ್ಸಿನದು. ಅಲ್ಲಿ ಹೆಸರು ಇರಬೇಕು ಅಂತ ಮೊದಲೇ ತೀರ್ಮಾನಿಸಿ ಆಮೇಲೆ ಅಕ್ಷರ ನೋಡಿದ್ದೆ. ಈ ಕಾಯಿಲೆಗೆ ಔಷಧ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಯಹೂದಿ ಲಿಪಿಕಾರರ ನಿಯಮಗಳು. ಇವತ್ತು ಅದನ್ನೇ ಹೇಳುತ್ತೇನೆ.

ತೋರಾ ಅಂದರೆ ಮೋಶೆಯ ಐದು ಗ್ರಂಥಗಳು. ಸಿನಗಾಗಿನಲ್ಲಿ ಓದುವ ಪ್ರತಿಯನ್ನು ಇಂದಿಗೂ ಕೈಯಿಂದಲೇ ಬರೆಯಬೇಕು, ಮುದ್ರಿಸಿದ್ದು ನಡೆಯುವುದಿಲ್ಲ. ಬರೆಯುವವನಿಗೆ 'ಸೋಫೇರ್' ಎಂದು ಹೆಸರು. ಈ ಪದದ ಮೂಲಧಾತುವಿಗೆ 'ಎಣಿಸು' ಎಂಬ ಅರ್ಥವಿದೆ. ಹಿಂದಿನವರು ಅಕ್ಷರಗಳನ್ನು ಎಣಿಸುತ್ತಿದ್ದರು, ಅದಕ್ಕೇ ಆ ಹೆಸರು ಬಂತು ಎನ್ನುತ್ತದೆ ತಲ್ಮೂದ್. ಈಗಿನ ಪ್ರತಿಗಳಲ್ಲಿ ಒಟ್ಟು 3,04,805 ಅಕ್ಷರಗಳು. ಒಂದು ಪ್ರತಿ ಮುಗಿಯಲು ಸಾಮಾನ್ಯವಾಗಿ ಒಂದು ವರ್ಷ, ಅದಕ್ಕಿಂತ ಹೆಚ್ಚೂ ಹಿಡಿಯುತ್ತದೆ.

ಸಾಮಗ್ರಿ ನೋಡಿ. ತಿನ್ನಲು ಅನುಮತಿಯಿರುವ ಪ್ರಾಣಿಯ ಚರ್ಮವನ್ನು, ಇದೇ ಉದ್ದೇಶಕ್ಕೆ ಎಂದು ಸಂಕಲ್ಪ ಮಾಡಿ ಹದಗೊಳಿಸಿರಬೇಕು. ಮಸಿ ಕಪ್ಪಗಿರಬೇಕು, ಮಾಚಿಕಾಯಿ, ಗೋಂದು, ಅನ್ನಭೇದಿ ಅಥವಾ ಮೈಲುತುತ್ತ ಸೇರಿಸಿ ಮಾಡುವುದು ರೂಢಿ. ಲೇಖನಿ ಹಕ್ಕಿಯ ಗರಿಯದು ಇಲ್ಲವೇ ಜೊಂಡಿನದು. ಬರೆಯುವ ಮೊದಲು ಚರ್ಮದ ಮೇಲೆ ಮಸಿಯಿಲ್ಲದೆ ಗೆರೆ ಒತ್ತುತ್ತಾರೆ. ಅಕ್ಷರ ಗೆರೆಯ ಮೇಲೆ ಕೂರುವುದಿಲ್ಲ, ಗೆರೆಯಿಂದ ಕೆಳಕ್ಕೆ ತೂಗುತ್ತದೆ. ಹಾಳೆಗಳನ್ನು ಪ್ರಾಣಿಯ ನರದಿಂದ ಹೊಲಿದು ಸುರುಳಿ ಮಾಡುತ್ತಾರೆ.

ಇನ್ನು ನನ್ನಂಥವನಿಗೆ ಚುಚ್ಚುವ ನಿಯಮಗಳು.

ಮೊದಲನೆಯದು: ನೆನಪಿನಿಂದ ಬರೆಯುವಂತಿಲ್ಲ. ಪೂರ್ತಿ ಬಾಯಿಪಾಠ ಬಂದರೂ ಎದುರಿಗೆ ಮೂಲಪ್ರತಿ ಇರಲೇಬೇಕು. ಪದವನ್ನು ನೋಡಿ, ಬಾಯಿಬಿಟ್ಟು ಹೇಳಿ, ಆಮೇಲೆ ಬರೆಯಬೇಕು.

ಎರಡನೆಯದು: ಪ್ರತಿ ಅಕ್ಷರದ ಸುತ್ತ ಖಾಲಿ ಚರ್ಮ ಇರಬೇಕು. ಪಕ್ಕದ ಅಕ್ಷರಕ್ಕೆ ಒಂದು ಕೂದಲೆಳೆಯಷ್ಟು ತಾಗಿದರೂ ದೋಷ. ಸರಿಪಡಿಸುವ ತನಕ ಆ ಸುರುಳಿಯನ್ನು ಬಳಸುವಂತಿಲ್ಲ.

ಮೂರನೆಯದು: ಅಕ್ಷರ ಬರೆದು ಹುಟ್ಟಬೇಕು, ಕೆರೆದು ಹುಟ್ಟಬಾರದು. ಹೀಬ್ರೂವಿನಲ್ಲಿ ದಾಲೆತ್ ಮತ್ತು ರೇಶ್ ಎಂಬ ಎರಡು ಅಕ್ಷರ ನಮ್ಮ ಮ-ವ ಥರ. ಮೂಲೆ ಚೂಪಾಗಿದ್ದರೆ ದಾಲೆತ್, ದುಂಡಗಿದ್ದರೆ ರೇಶ್. ರೇಶ್ ಬರೆಯಬೇಕಾದಲ್ಲಿ ದಾಲೆತ್ ಬಿದ್ದರೆ, ಮೂಲೆಯನ್ನು ಕೆರೆದು ದುಂಡಗೆ ಮಾಡುವಂತಿಲ್ಲ. ಆ ರೂಪವನ್ನು ಅಳಿಸಿ ಮತ್ತೆ ಬರೆಯಬೇಕು. ನಮ್ಮ ಶಾಸನದ ಅಕ್ಷರ ಹುಟ್ಟುವುದೇ ಕೆತ್ತಿ ತೆಗೆಯುವುದರಿಂದ. ಇಲ್ಲಿ ಪೂರ್ತಿ ಉಲ್ಟಾ!

ಆ ಒಂದು ಮೂಲೆಯ ಬೆಲೆ ಎಷ್ಟು? 'ಎಹಾದ್' ಅಂದರೆ ಒಬ್ಬನೇ, 'ಅಹೇರ್' ಅಂದರೆ ಬೇರೊಬ್ಬ. ಸುರುಳಿಯಲ್ಲಿ ಸ್ವರಚಿಹ್ನೆ ಬರೆಯುವುದಿಲ್ಲವಾದ್ದರಿಂದ ಎರಡು ಪದಗಳಿಗೂ ಇರುವ ವ್ಯತ್ಯಾಸ ಕೊನೆಯ ಅಕ್ಷರದ ಮೂಲೆ ಮಾತ್ರ. 'ದೇವರು ಒಬ್ಬನೇ' ಎನ್ನುವ ವಾಕ್ಯದಲ್ಲಿ ದಾಲೆತ್ ಅನ್ನೂ, 'ಬೇರೊಬ್ಬ ದೇವರಿಗೆ ಅಡ್ಡಬೀಳಬೇಡ' ಎನ್ನುವಲ್ಲಿ ರೇಶ್ ಅನ್ನೂ ಉಳಿದವಕ್ಕಿಂತ ದೊಡ್ಡದಾಗಿ ಬರೆಯುವ ಸಂಪ್ರದಾಯವೇ ಇದೆ. ದೇವರ ಹೆಸರನ್ನಂತೂ ಬರೆಯುವ ಮುನ್ನ ಸಂಕಲ್ಪ ಹೇಳಬೇಕು, ಬರೆದ ಮೇಲೆ ಅಳಿಸುವಂತಿಲ್ಲ. ಅಲ್ಲಿ ತಿದ್ದಲಾಗದ ತಪ್ಪಾದರೆ ಇಡೀ ಹಾಳೆಯನ್ನು ತೆಗೆದು, ಗೌರವದಿಂದ ಮಣ್ಣು ಮಾಡಬೇಕು.

ಇಷ್ಟಾದರೂ ಒಂದು ಅಕ್ಷರ ದಾಲೆತ್ತೋ ರೇಶೋ ಅಂತ ಅನುಮಾನ ಬಂದರೆ? ದೊಡ್ಡ ಪಂಡಿತರನ್ನು ಕೇಳುವುದಿಲ್ಲ, ಒಂದು ಮಗುವನ್ನು ಕರೆಯುತ್ತಾರೆ. ತಲ್ಮೂದ್ ಹೇಳುವ ಪ್ರಕಾರ ಮಗು ಅತಿ ಬುದ್ಧಿವಂತ ಆಗಿರಬಾರದು, ದಡ್ಡನೂ ಆಗಿರಬಾರದು. ಅಕ್ಷರ ಗೊತ್ತಿರಬೇಕು, ವಾಕ್ಯದ ಅರ್ಥ ಗೊತ್ತಿರಬಾರದು. ಪಂಡಿತ ಸಂದರ್ಭ ನೋಡಿ ಊಹಿಸಿಬಿಡುತ್ತಾನೆ. ಮಗು ಕಂಡದ್ದನ್ನು ಮಾತ್ರ ಹೇಳುತ್ತದೆ. ಹಾಗಂತ ಅಕ್ಷರ ಅಂಟಿಕೊಂಡಿರುವಂಥ ಎದ್ದು ಕಾಣುವ ದೋಷಕ್ಕೆ ಮಗುವಿನ ಸಾಕ್ಷಿ ನಡೆಯುವುದಿಲ್ಲ.

ನಾನು ಇಂಜಿನಿಯರು. ಇಷ್ಟೆಲ್ಲ ಕಟ್ಟುನಿಟ್ಟಿಗೆ ಫಲಿತಾಂಶ ಏನು ಅಂತ ಕೇಳದೆ ಬಿಡುವವನಲ್ಲ. 1970ರಲ್ಲಿ ಮೃತ ಸಮುದ್ರದ ದಡದ ಎನ್-ಗೆದಿಯ ಹಳೆಯ ಸಿನಗಾಗಿನಲ್ಲಿ ಸುಟ್ಟು ಇದ್ದಿಲಾಗಿದ್ದ ಒಂದು ಸುರುಳಿ ಸಿಕ್ಕಿತು. ಮುಟ್ಟಿದರೆ ಪುಡಿ. ಅದನ್ನು ಬಿಚ್ಚದೆಯೇ ಎಕ್ಸ್-ರೇ ಸಿ.ಟಿ. ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪದರ ಪದರವಾಗಿ 'ಬಿಡಿಸಿ', 2016ರಲ್ಲಿ ಓದಿನ ವಿವರ ಪ್ರಕಟಿಸಿದರು. ಸಿಕ್ಕಿದ್ದು ಲೇವಿಯ ಕಾಂಡದ ಮೊದಲೆರಡು ಅಧ್ಯಾಯಗಳ ಭಾಗ. ಇಂಗಾಲದ ಪರೀಕ್ಷೆ ಅದನ್ನು ಕ್ರಿ.ಶ. 3-4ನೇ ಶತಮಾನಕ್ಕೆ ಇಟ್ಟಿತು. ಓದಲು ಸಿಕ್ಕ ಅಕ್ಷರಗಳು ಇಂದಿನ ಪಾಠದ ವ್ಯಂಜನಗಳಿಗೆ ಪೂರ್ತಿ ಹೊಂದಿಕೆಯಾದವು. ಸಾವಿರದ ಆರುನೂರು ವರ್ಷ, ಎಷ್ಟು ಕೈ ದಾಟಿ ಬಂದಿದೆಯೋ!

ಈಗ ನಾನೂ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮೊದಲು ಚೌಕಳಿ ಹಾಳೆಯಲ್ಲಿ ಒಂದು ಮನೆಗೆ ಒಂದೇ ಅಕ್ಷರದಂತೆ ಆಕಾರ ಬರೆದುಕೊಳ್ಳುತ್ತೇನೆ. ಪದ ಕೂಡಿಸುವುದು ಆಮೇಲೆ. ಅನುಮಾನ ಬಂದ ಅಕ್ಷರಕ್ಕೆ ನಮ್ಮ ಮನೆಯಲ್ಲೇ ಪರೀಕ್ಷಕಿ ಇದ್ದಾಳೆ. ಏಳನೇ ಕ್ಲಾಸಿನ ಮಗಳಿಗೆ ಆ ಶತಮಾನದ ಅಕ್ಷರಪಟ್ಟಿ ಕೊಟ್ಟು, ಆ ಒಂದು ಅಕ್ಷರದ ಫೋಟೋ ಮಾತ್ರ ತೋರಿಸಿ, ಯಾವುದಕ್ಕೆ ಹೋಲುತ್ತೆ ಹೇಳು ಅನ್ನುತ್ತೇನೆ. ಆ 'ಮಾರ'ನ ಫೋಟೋವನ್ನೂ ತೋರಿಸಿದ್ದೆ.

"ಅಪ್ಪಾ, ಇದು ವ ಅಲ್ವಾ?" ಅಂದಳು. ಎರಡು ಸೆಕೆಂಡೂ ತೆಗೆದುಕೊಳ್ಳಲಿಲ್ಲ.