ಜೆಪ್ಪು: ನದಿ, ಹಂಚು ಮತ್ತು ತಡವಾಗಿ ಬಂದ ರೈಲು

ಕೈಗಾರಿಕಾ ಉಪನಗರವೊಂದರ ಚರಿತ್ರೆಯನ್ನು ರೈಲಿನಿಂದ ಆರಂಭಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಹಳಿ ಬಂದಿತು, ಅದರ ಬೆನ್ನಿಗೆ ಕಾರ್ಖಾನೆ ಬಂದಿತು ಎಂಬ ಈ ಕ್ರಮ ಮಂಗಳೂರಿನ ದಕ್ಷಿಣದಂಚಿನಲ್ಲಿ, ನೇತ್ರಾವತಿಯ ಬಲದಂಡೆಯಲ್ಲಿರುವ ಜೆಪ್ಪುವಿಗೆ ಒಪ್ಪುವುದಿಲ್ಲ. ಇಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಆರಂಭವಾದುದು 1865ರಲ್ಲಿ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ನಡುವಣ ನಾಲ್ಕು ದಶಕಗಳ ಕಾಲ ಈ ಉದ್ಯಮವನ್ನು ಹೊತ್ತದ್ದು ನದಿ.

ಮತಾಂತರದಿಂದ ಕುಲವೃತ್ತಿಯನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವುದು ಮಿಷನ್ನಿನ ಉದ್ದೇಶವಾಗಿತ್ತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜರ್ಮನ್ ತಂತ್ರಜ್ಞ ಜಾರ್ಜ್ ಪ್ಲೆಬ್ಸ್ಟ್ ನದೀತೀರದ ಜೇಡಿಮಣ್ಣಿನ ಗುಣವನ್ನು ಕಂಡುಕೊಂಡು ಈ ಕೆಲಸಕ್ಕೆ ಕೈಹಾಕಿದನು. ಆರಂಭದಲ್ಲಿ ಮಣ್ಣು ಹದಗೊಳಿಸಲು ಇದ್ದುದು ಒಂದು ಜೊತೆ ಎತ್ತು. ಹದವಾದ ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಸೌದೆಯ ಬೆಂಕಿಯಲ್ಲಿ ಸುಡಬೇಕಾಗಿತ್ತು. ಒಂದು ಹಂಚಿನ ತೂಕ ಎರಡರಿಂದ ಮೂರು ಕಿಲೋಗ್ರಾಂ. ಎಂದರೆ ಸಾವಿರ ಹಂಚಿಗೆ ಎರಡು ಮೂರು ಟನ್ನು. ಒಳಗೆ ಬರುವ ಮಣ್ಣು, ಸೌದೆಗಳೂ ಹೊರಗೆ ಹೋಗುವ ಸರಕೂ ಇಷ್ಟು ಭಾರವಾಗಿರುವಾಗ ಎತ್ತಿನ ಗಾಡಿಯಿಂದ ಲಾಭದ ವ್ಯಾಪಾರ ಸಾಧ್ಯವಿರಲಿಲ್ಲ. ಮಣ್ಣು ದೋಣಿಯಲ್ಲಿ ಬಂದಿತು. ಹಂಚು ಅಳಿವೆಯನ್ನು ದಾಟಿ ಹಾಯಿಹಡಗುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹೋಯಿತು. ಆದ್ದರಿಂದಲೇ ಕಾರ್ಖಾನೆಗಳು ಪೇಟೆಯನ್ನು ಬಿಟ್ಟು ತೆಂಗಿನ ತೋಟಗಳ ನಡುವೆ ದಂಡೆಯನ್ನು ಹಿಡಿದು ಬೆಳೆದವು. ಜೆಪ್ಪುವಿನ ಅರೆಹಳ್ಳಿಯ ಸ್ವರೂಪ ಬಹುಕಾಲ ಉಳಿದುದಕ್ಕೂ ಇದೇ ಕಾರಣವೆಂದು ತೋರುತ್ತದೆ.

1907ರಲ್ಲಿ ನೇತ್ರಾವತಿಯ ಸೇತುವೆಯನ್ನು ದಾಟಿ ಬಂದ ಮಾರ್ಗ ದಕ್ಷಿಣದ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡುಗಳ ಕಡೆಗಿನದು. ಘಟ್ಟದ ಮೇಲಿನ ಸೀಮೆಗೆ ಅದರಿಂದ ನೇರ ಪ್ರಯೋಜನವಾಗಲಿಲ್ಲ. ಹಾಸನದ ಮಾರ್ಗ ಪೂರ್ಣಗೊಂಡುದು 1979ರಲ್ಲಿ. ಅಷ್ಟರಲ್ಲಿ ಕಾಂಕ್ರೀಟಿನ ತಾರಸಿ ಹಂಚಿನ ಮಾಡನ್ನು ಹಿಂದಕ್ಕೆ ಸರಿಸತೊಡಗಿತ್ತು. ಒಳ್ಳೆಯ ಮಣ್ಣೂ ಸೌದೆಯೂ ದುರ್ಲಭವಾಗುತ್ತಿದ್ದವು. ಬಂದರಿನ ದೊಡ್ಡ ವಹಿವಾಟು 1975ರಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವಮಂಗಳೂರು ಬಂದರಿಗೆ ಸರಿಯಿತು. ಹಂಚಿಗೆ ಬೇಕಾಗಿದ್ದ ರೈಲು ಹಂಚಿನ ಕಾಲ ಮುಗಿಯುವ ಹೊತ್ತಿಗೆ ಬಂದಿತು.

ಮುಚ್ಚಿದ ಕಾರ್ಖಾನೆಗಳ ನಿವೇಶನಗಳಲ್ಲಿ ಈಗ ವಸತಿ ಸಮುಚ್ಚಯಗಳು ಏಳುತ್ತಿರುವುದರಿಂದ, ಸಂಶೋಧಕರಿಗೆ ಉಳಿಯುವ ಆಕರಗಳಲ್ಲಿ ಹಂಚೇ ಮುಖ್ಯವಾದುದು. ಇಲ್ಲೊಂದು ಎಚ್ಚರಿಕೆ ಅಗತ್ಯ. ಬಾಸೆಲ್ ಮಿಷನ್ನಿನ ಅನೇಕ ಹಂಚುಗಳ ಮೇಲೆ ಒತ್ತಿರುವ 1865 ಎಂಬ ಅಂಕೆ ಕಾರ್ಖಾನೆಯ ಸ್ಥಾಪನೆಯ ವರ್ಷವೇ ಹೊರತು ಆ ಹಂಚು ತಯಾರಾದ ವರ್ಷವಲ್ಲ. ಅದನ್ನು ನಂಬಿ ಮನೆಯ ಕಾಲವನ್ನು ನಿರ್ಣಯಿಸಿದರೆ ದಶಕಗಳ ತಪ್ಪಾಗುವ ಸಂಭವವಿದೆ.