ಮನೆವಾರ್ತೆ ಮತ್ತು ದೇಶವಾರ್ತೆ

ಕನ್ನಡದಲ್ಲಿ ‘ಮನೆವಾರ್ತೆ’ ಎಂಬ ಚೆಲುವಾದ ಮಾತೊಂದಿದೆ. ಅಡಿಗೆ, ಉಗ್ರಾಣ, ಕೊಳುಕೊಡೆ, ನೆಂಟರ ಉಪಚಾರ ಎಲ್ಲವೂ ಅದರಲ್ಲಿ ಅಡಗಿವೆ. ಇಲ್ಲಿಯ ‘ವಾರ್ತೆ’ ಸುದ್ದಿಯಲ್ಲ. ಕೌಟಿಲ್ಯನು ವಿದ್ಯೆಗಳನ್ನು ಎಣಿಸುವಾಗ ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಕೂಡಿಸಿ ‘ವಾರ್ತಾ’ ಎಂದ. ಜಗತ್ತು ಇಂದು ‘ಎಕಾನಮಿ’ ಎನ್ನುವ ಪದಕ್ಕೂ ಗ್ರೀಕ್ ಮೂಲದಲ್ಲಿ ಗೃಹಾಡಳಿತವೆಂದೇ ಅರ್ಥ. ಮಾತಿನಲ್ಲಿ ಇಷ್ಟು ಹತ್ತಿರವಿರುವ ಮನೆಯ ವಾರ್ತೆಯೂ ದೇಶದ ವಾರ್ತೆಯೂ ಬಾಳಿನಲ್ಲಿ ಏಕೆ ದೂರವಾದವು?

ರಾಷ್ಟ್ರೀಯ ಉತ್ಪನ್ನ ಶೇಕಡಾ ಇಷ್ಟು ಏರಿತೆಂದು ನಾನು ಪತ್ರಿಕೆಯಿಂದ ಓದಿ ಹೇಳಿದರೆ, ನಮ್ಮ ಮನೆಯವರು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗುರುತಿಸುತ್ತ ‘ಹೌದೇ?’ ಎನ್ನುತ್ತಾರೆ, ಅಷ್ಟೆ. ಇದನ್ನು ಅಜ್ಞಾನವೆನ್ನುವುದು ಪಂಡಿತರ ರೂಢಿ. ನನಗೆ ಹಾಗೆನ್ನಿಸುವುದಿಲ್ಲ. ಈ ಉದಾಸೀನಕ್ಕೆ ಕಾರಣಗಳುಂಟು.

ಮೊದಲನೆಯದು, ಸರಾಸರಿ ಎಂಬುದು ಯಾರ ಮನೆಯೂ ಅಲ್ಲ. 2012ನ್ನು ಆಧಾರವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳಿಗೆ ನೂರರಲ್ಲಿ ಸುಮಾರು 46 ಪಾಲು, ಆರೋಗ್ಯಕ್ಕೆ ಸುಮಾರು 6 ಪಾಲು ಇದ್ದವು. ಔಷಧದಂಗಡಿಯ ಚೀಟಿಯೇ ದಿನಸಿಯ ಚೀಟಿಗಿಂತ ಉದ್ದವಾಗಿರುವ ವೃದ್ಧದಂಪತಿಗಳ ಮನೆಗೆ ಈ ಅಳತೆ ಹೇಗೆ ಹೊಂದೀತು?

ಎರಡನೆಯದು ಶೇಕಡಾ ಭಾಷೆಯ ತೊಡಕು. ಹಣದುಬ್ಬರ 6ರಿಂದ 4ಕ್ಕೆ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ. ಏರುವ ವೇಗ ತಗ್ಗಿತೆಂದು ಮಾತ್ರ. ನೂರು ರೂಪಾಯಿಯ ಪದಾರ್ಥ ಮೊದಲ ವರ್ಷ 106 ಆಗಿ, ಮರುವರ್ಷ 110 ದಾಟುತ್ತದೆ. ‘ಇಳಿಯಿತು’ ಎಂಬ ಸುದ್ದಿ ಕೇಳಿ ಸಂತೆಗೆ ಹೋದ ಗೃಹಿಣಿ ಆ ಸುದ್ದಿಯನ್ನು ನಂಬದಿದ್ದರೆ ತಪ್ಪು ಅವಳದಲ್ಲ.

ಆದರೆ ದೇಶದ ಸಂಕಟ ಮನೆಯ ಭಾಷೆಯಲ್ಲಿ ಬಂದಾಗ ಅದು ಯಾರಿಗೂ ತಿಳಿಯದೆ ಇರದು. 1991ರಲ್ಲಿ ವಿದೇಶೀ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಬಂದಿತ್ತು. ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನುಗಳ ಕೇಂದ್ರಬ್ಯಾಂಕುಗಳಲ್ಲಿ ಒತ್ತೆಯಿಟ್ಟು ಸಾಲ ತಂದಿತು. ‘ವಿನಿಮಯದ ಬಿಕ್ಕಟ್ಟು’ ಎಂದರೆ ಕಿವಿಗೊಡದವರೂ ‘ಚಿನ್ನ ಒತ್ತೆ ಬಿತ್ತು’ ಎಂದರೆ ಎದ್ದು ಕೂರುತ್ತಾರೆ. ಮಗಳ ಮದುವೆಗೋ ಮಗನ ಓದಿಗೋ ಬಳೆಯನ್ನು ಗಿರವಿಯಿಟ್ಟ ಮನೆಗಳಿಗೆ ಆ ಮಾತಿಗೆ ಭಾಷ್ಯ ಬೇಕಿಲ್ಲ.

ಹಾಗೆಂದು ಉದಾಸೀನವನ್ನು ಹೊಗಳಿ ಮುಗಿಸುವಂತಿಲ್ಲ. ನಾವು ದೇಶವಾರ್ತೆಯನ್ನು ಬಿಟ್ಟರೂ ಅದು ನಮ್ಮನ್ನು ಬಿಡದು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯ ತಾಳೆಎಣ್ಣೆಯ ರಫ್ತನ್ನು ಕೆಲವು ವಾರ ತಡೆಯಿತು. ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ನಮ್ಮ ದೇಶದಲ್ಲಿ ಅಂಥ ಸುದ್ದಿ ಒಗ್ಗರಣೆಯ ಸೌಟಿನವರೆಗೂ ಬರುತ್ತದೆ. ಇಡುಗಂಟಿಗೆ ಶೇಕಡಾ 6 ಬಡ್ಡಿ ಬಂದು, ಬೆಲೆಗಳೂ ಶೇಕಡಾ 6 ಏರಿದರೆ, ಬಡ್ಡಿಯನ್ನೆಲ್ಲ ಖರ್ಚು ಮಾಡಿ ಬಾಳುವ ನಿವೃತ್ತನ ಅಸಲು ಪುಸ್ತಕದಲ್ಲಿ ಹಾಗೆಯೇ ಇದ್ದು, ಸಂತೆಯಲ್ಲಿ ಸದ್ದಿಲ್ಲದೆ ಕರಗುತ್ತದೆ. ಇದನ್ನು ಅರಿಯದವನು ಕಳೆದುಕೊಳ್ಳುತ್ತಾನೆ. ಕಳೆದುಕೊಂಡದ್ದೂ ಅವನಿಗೆ ತಿಳಿಯದು.

ಇನ್ನೊಂದು ಮಾತು. ಉದಾಸೀನ ಒಂದು ಕಡೆಯದಲ್ಲ. ಹೋಟೆಲಿನಲ್ಲಿ ಕುದಿದ ಹುಳಿ ರಾಷ್ಟ್ರೀಯ ಉತ್ಪನ್ನದಲ್ಲಿ ಸೇರುತ್ತದೆ. ಮನೆಯಲ್ಲಿ ಅದೇ ಹುಳಿ ಕುದಿಸಿದ ಶ್ರಮ ಸೇರುವುದಿಲ್ಲ. 2019ರಲ್ಲಿ ಸರಕಾರವೇ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾಳೆ. ಗಂಡಸು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಯ ಈ ದುಡಿಮೆಯನ್ನು ಎಣಿಸದ ಲೆಕ್ಕವನ್ನು, ಆ ದುಡಿಮೆ ಮಾಡುವವಳು ಕಿವಿಗೊಟ್ಟು ಕೇಳಲಿಲ್ಲವೆಂದು ಆಕ್ಷೇಪಿಸುವುದು ಹೇಗೆ?

ಅರ್ಥಶಾಸ್ತ್ರಜ್ಞರು ಮನೆಯ ನುಡಿಯನ್ನು ಕಲಿಯಬೇಕು. ನಾವೂ ಬಡ್ಡಿ, ಬೆಲೆ, ತೆರಿಗೆಗಳ ನಾಲ್ಕಕ್ಷರವನ್ನು ಕಲಿತು, ಮತ ಕೇಳಲು ಬಂದವರನ್ನು ಎಣ್ಣೆಯ ಬೆಲೆಯ ಜೊತೆಗೆ ಅದರ ಕಾರಣವನ್ನೂ ಕೇಳುವಂತಾಗಬೇಕು.