ಹಿಮನದಿಯ ನಡಿಗೆ ಹೇಳುವ ಆಳ

1820ರ ಆಗಸ್ಟ್‌ನಲ್ಲಿ ಆಲ್ಪ್ಸ್‌ನ ಮೋಂಬ್ಲಾಂ ಪರ್ವತ ಏರುತ್ತಿದ್ದ ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತು. ಮೂವರು ಮಾರ್ಗದರ್ಶಕರು ಮಂಜಿನ ಬಿರುಕಿನಲ್ಲಿ ಹೂತುಹೋದರು. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ 1842ರಲ್ಲಿ ಅಲ್ಲಿನ ಮೆರ್ ದ ಗ್ಲಾಸ್ ಹಿಮನದಿಯ ಮೇಲೆ ಗುರುತು ಮಾಡಿ, ಕೋನ ಅಳೆಯುವ ಥಿಯೊಡಲೈಟ್ ಹಿಡಿದು ಅದರ ಚಲನೆ ಅಳೆದರು. ನಡುಭಾಗ ಅಂಚಿಗಿಂತ ಬೇಗ ಸರಿಯುತ್ತಿತ್ತು. ಕಳೆದುಹೋದವರು ಸುಮಾರು 40 ವರ್ಷಕ್ಕೆ ಕೆಳಗೆ ಬಂದಾರು ಎಂದು ಅವರು ಲೆಕ್ಕ ಹಾಕಿದ್ದರು. 1861ರಲ್ಲಿ ಅದೇ ಪರ್ವತದ ಬೊಸ್ಸೋಂ ಹಿಮನದಿಯ ಕೆಳಭಾಗದಲ್ಲಿ ಅವರ ಅವಶೇಷಗಳು ಹೊರಬಂದವು.

ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಇಂದಿಗೂ ಕೆಲಸ ಹೆಚ್ಚುಕಡಿಮೆ ಅದೇ. ಮಂಜಿಗೆ ತೂತು ಕೊರೆದು ಬಿದಿರ ಗಳ ನೆಡುತ್ತಾರೆ. ಮರುವರ್ಷ ಹೋಗಿ ಅದು ಎಲ್ಲಿಗೆ ಸರಿದಿದೆ ಎಂದು ಜಿಪಿಎಸ್‌ನಲ್ಲಿ ನೋಡುತ್ತಾರೆ. ಎಷ್ಟು ಮಂಜು ಕರಗಿತೆಂಬುದನ್ನೂ ಅದೇ ಗಳ ಹೇಳುತ್ತದೆ. ಆದರೆ ಹಿಮಾಲಯದ ಸಾವಿರಾರು ಹಿಮನದಿಗಳಿಗೆಲ್ಲ ಬಿದಿರು ಹೊತ್ತು ಹೋಗುವವರು ಯಾರು?

ಉಪಗ್ರಹ ನೆರವಿಗೆ ಬರುವುದು ಇಲ್ಲೇ. ಒಂದೇ ಹಿಮನದಿಯ ಎರಡು ವರ್ಷದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಬಿರುಕು, ಕಲ್ಲುಮಣ್ಣಿನ ಪಟ್ಟೆಗಳು ಎಷ್ಟು ಸರಿದಿವೆ ಎಂದು ಕಂಪ್ಯೂಟರ್ ಹುಡುಕುತ್ತದೆ. ಕಷ್ಟವೆಂದರೆ, ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್. ಹಿಮನದಿ ವರ್ಷಕ್ಕೆ ಸರಿಯುವುದು ಕೆಲವೊಮ್ಮೆ 20 ಮೀಟರ್. ಒಂದು ಚುಕ್ಕಿಯಷ್ಟೂ ಇಲ್ಲ! ಆದರೂ ನೂರಾರು ಚುಕ್ಕಿಗಳ ವಿನ್ಯಾಸವನ್ನು ಒಟ್ಟಾಗಿ ಹೊಂದಿಸಿದರೆ ಚುಕ್ಕಿಯ ಒಂದಂಶದಷ್ಟು ಸರಿದದ್ದೂ ಸಿಗುತ್ತದೆ. ಅಳತೆ ಸರಿಯೇ ಎಂದು ತಿಳಿಯಲು ಅಕ್ಕಪಕ್ಕದ ಬಂಡೆಗಳನ್ನು ನೋಡುತ್ತಾರೆ. ಬೆಟ್ಟ ನಡೆಯುವುದಿಲ್ಲವಲ್ಲ; ಅದೂ ಸರಿದಂತೆ ಕಂಡರೆ, ಅಷ್ಟು ತಪ್ಪು ಲೆಕ್ಕದ್ದು. ಮೋಡ ಕವಿದಾಗ ಇಂಥ ಚಿತ್ರ ಸಿಗದು, ರೇಡಾರ್ ಬೇಕು. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಹಾರಿದ ನಿಸಾರ್ ಎಂಬ ರೇಡಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳಿ ಬರುತ್ತದೆ.

ನನ್ನನ್ನು ಬೆರಗುಗೊಳಿಸುವುದು ಮುಂದಿನ ಹೆಜ್ಜೆ. ಓರೆಯಾದ ತಟ್ಟೆಯಲ್ಲಿ ಜೋನಿಬೆಲ್ಲ ದಪ್ಪವಾಗಿದ್ದಷ್ಟೂ ಬೇಗ ಇಳಿಯುತ್ತದೆ. ಮಂಜೂ ತನ್ನದೇ ಭಾರಕ್ಕೆ ಹಾಗೆ ಹರಿಯುತ್ತದೆ. ಹಾಗಾಗಿ ಮೇಲ್ಮೈಯ ವೇಗ ಮತ್ತು ಇಳಿಜಾರು ಗೊತ್ತಿದ್ದರೆ ದಪ್ಪವನ್ನು ಲೆಕ್ಕ ಹಾಕಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗಂಗೋತ್ರಿ ಹಿಮನದಿಗೆ ಇದನ್ನೇ ಮಾಡಿ 2014ರಲ್ಲಿ ಪ್ರಕಟಿಸಿದರು: ಮೇಲ್ಭಾಗದಲ್ಲಿ ದಪ್ಪ ಸುಮಾರು 540 ಮೀಟರ್, ಗೋಮುಖದ ಬಳಿ 50–60 ಮೀಟರ್. ಒಟ್ಟು ಮಂಜು ಸುಮಾರು 23 ಘನ ಕಿಲೋಮೀಟರ್, 4 ಹೆಚ್ಚು ಅಥವಾ ಕಡಿಮೆ. ಆ ನಾಲ್ಕನ್ನು ತಗ್ಗಿಸಬೇಕಾದರೆ ಯಾರಾದರೂ ದಪ್ಪ ಅಳೆಯುವ ರೇಡಾರ್ ಹೊತ್ತು ಮಂಜಿನ ಮೇಲೆ ನಡೆಯಲೇಬೇಕು.